ಯಕ್ಷಗಾನದ ವೆಬ್‌ಸೈಟಿಗೆ 149 ರೂಪಾಯಿಯ ಹೋಸ್ಟಿಂಗ್: ನನ್ನ ಅನುಭವದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದ ಒಂದು ಸವಲತ್ತೂ ನನ್ನ ಉಪಯೋಗಕ್ಕೆ ಬರಲಿಲ್ಲ. ಬೇಕಾದದ್ದೆಲ್ಲ ಸಣ್ಣಕ್ಷರದಲ್ಲಿತ್ತು. ಕಂಪನಿಯ ಹೆಸರು ಬರೆಯುತ್ತಿಲ್ಲ, ಬೇಕಂತಲೇ. ಈ ದರದ ಶೇರ್ಡ್ ಹೋಸ್ಟಿಂಗ್ (ಸೈಟು ಇಡುವ ಸರ್ವರನ್ನು ಬೇರೆ ಸೈಟುಗಳ ಜೊತೆ ಹಂಚಿಕೊಂಡು ಬಾಡಿಗೆಗೆ ಪಡೆಯುವುದು) ಯಾರದ್ದು ತಗೊಂಡರೂ ಹೆಚ್ಚುಕಮ್ಮಿ ಇದೇ ಹಣೆಬರಹ.

ನಮ್ಮದು ಕುಂದಾಪುರ ಕಡೆ. ಇವತ್ತು ರಾತ್ರಿ ಯಾವ ಮೇಳದ (ತಂಡದ) ಆಟ ಎಲ್ಲಿ, ಪ್ರಸಂಗ (ಆಡುವ ಕಥೆ) ಯಾವುದು, ಅಷ್ಟನ್ನು ಹೇಳುವ ಒಂದು ಸಣ್ಣ ಸೈಟನ್ನು ನಾವು ಮೂರ್ನಾಲ್ಕು ಜನ ಸೇರಿ ನಡೆಸುತ್ತೇವೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಿಂದ ಒಂದಕ್ಕಿಂತ ಹೆಚ್ಚು ಮೇಳ ಹೊರಡುತ್ತವಲ್ಲ, ಯಾವುದು ಎಲ್ಲಿ ಬಿಡಾರ ಹೂಡಿದೆ ಅಂತ ಜನ ಹುಡುಕುತ್ತಾರೆ. ಸೈಟು ಕಟ್ಟಿದ್ದು ವರ್ಡ್‌ಪ್ರೆಸ್ ಅನ್ನುವ ಉಚಿತ ತಂತ್ರಾಂಶದಲ್ಲಿ. ನವೆಂಬರಿನಿಂದ ಮೇ ತನಕ ತಿರುಗಾಟದ ದಿನಗಳಲ್ಲಿ ಜನ, ಮಳೆಗಾಲದಲ್ಲಿ ಖಾಲಿ.

ಬೆಲೆಯಿಂದಲೇ ಶುರುಮಾಡೋಣ. ತಿಂಗಳಿಗೆ 149 ರೂಪಾಯಿ ಅಂತ ತೋರಿಸಿದ್ದು ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಮಾತ್ರ. 36 ತಿಂಗಳಿಗೆ 5,364, ಅದರ ಮೇಲೆ 18 ಶೇಕಡಾ ಜಿಎಸ್‌ಟಿ, ಒಟ್ಟು 6,330 ರೂಪಾಯಿ ಆಯಿತು. ಸರಿ, ಮೂರು ವರ್ಷಕ್ಕೆ ಅದು ಹೆಚ್ಚಲ್ಲ. ನವೀಕರಣದ ದರ ತಿಂಗಳಿಗೆ 449. ಅಂದರೆ ತೆರಿಗೆ ಸೇರಿ ವರ್ಷಕ್ಕೆ 6,358. ಮೊದಲು ಮೂರು ವರ್ಷಕ್ಕೆ ಕೊಟ್ಟದ್ದಕ್ಕಿಂತ ಮುಂದಿನ ಒಂದೇ ವರ್ಷಕ್ಕೆ ಜಾಸ್ತಿ! ಇದನ್ನು ಮುಚ್ಚಿಟ್ಟಿರಲಿಲ್ಲ, ಕಾರ್ಟಿನ ಕೆಳಗೆ ಬೂದು ಬಣ್ಣದಲ್ಲಿ ಬರೆದಿದ್ದರು. ಹೋಸ್ಟಿಂಗ್ ಕೊಳ್ಳುವವರು ನೋಡಬೇಕಾದ ಬೆಲೆ ಇದೊಂದೇ.

ಪಟ್ಟಿಯಲ್ಲಿ ‘ಸಾವಿರಾರು ರೂಪಾಯಿ ಬೆಲೆಬಾಳುವ ಎಸ್‌ಎಸ್‌ಎಲ್ ಉಚಿತ’ ಅಂತ ಒಂದು ಸಾಲಿತ್ತು. ಸೈಟು ಮತ್ತು ಓದುಗರ ನಡುವಿನ ಮಾತನ್ನು ಗುಟ್ಟಾಗಿಡುವ ಪ್ರಮಾಣಪತ್ರ ಅದು. ನಗು ಬಂತು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಈ ಪ್ರಮಾಣಪತ್ರವನ್ನು ಜಗತ್ತಿಗೇ ಪುಕ್ಕಟೆ ಹಂಚುತ್ತಿದೆ. 90 ದಿನಕ್ಕೊಮ್ಮೆ ಹೊಸದು ಬೇಕು, ಅದನ್ನು ಸಿಪ್ಯಾನೆಲ್ (ಹೋಸ್ಟಿಂಗ್ ನಿಭಾಯಿಸುವ ತಂತ್ರಾಂಶ) ತಾನೇ ಮಾಡಿಕೊಳ್ಳುತ್ತದೆ. ಮಾಮೂಲಿ ಸೈಟಿಗೆ ಇದಕ್ಕೆ ಪ್ರತ್ಯೇಕ ದುಡ್ಡು ಕೇಳುವವರು ಸಿಕ್ಕರೆ ಅಂಗಡಿ ಬದಲಿಸಿ. 99.9 ಶೇಕಡಾ ಅಪ್‌ಟೈಮ್ ಗ್ಯಾರಂಟಿಯೂ ಅಷ್ಟೇ. ಲೆಕ್ಕ ಹಾಕಿದರೆ ತಿಂಗಳಿಗೆ 43 ನಿಮಿಷ ಸೈಟು ಮಲಗಿದ್ದರೂ ಮಾತು ಉಳಿಸಿಕೊಂಡಂತೆಯೇ. ಆ 43 ನಿಮಿಷ ಬೆಳಗಿನ ಜಾವ ಬಂದರೆ ಯಾರಿಗೂ ಗೊತ್ತಾಗದು, ಸಂಜೆ ಆರಕ್ಕೆ ಬಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ.

ಸಂಜೆ ಆರು ಅಂದೆನಲ್ಲ, ನಮ್ಮ ಕಥೆ ಇರುವುದೇ ಅಲ್ಲಿ. ಆ ಹೊತ್ತಿಗೆ ಲಿಂಕು ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಒತ್ತುತ್ತಾರೆ. ಮೊದಲ ಸೀಸನ್ನಿನಲ್ಲಿ ‘508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್’ ಅಂತ ಬಿಳಿ ಪುಟ ಬರತೊಡಗಿತು. ‘ಅನ್‌ಲಿಮಿಟೆಡ್ ವಿಸಿಟರ್ಸ್’ ಅಂತ ಬರೆದುಕೊಂಡವರ ಸರ್ವರ್‌ನಲ್ಲಿ! ಪ್ಯಾನೆಲ್‌ನಲ್ಲಿ ‘ರಿಸೋರ್ಸ್ ಯೂಸೇಜ್’ ಅಂತ ಒಂದು ಪುಟವಿದೆ, ಯಾರೂ ತೆರೆದು ನೋಡುವುದಿಲ್ಲ. ತೆರೆದರೆ ‘ಎಂಟ್ರಿ ಪ್ರೊಸೆಸ್ 20’ ಅಂತ ಕಂಡಿತು. ಒಂದೇ ಕ್ಷಣದಲ್ಲಿ 20 ಪಿಎಚ್‌ಪಿ (ಪುಟ ತಯಾರಿಸುವ ಪ್ರೋಗ್ರಾಂ) ಕೆಲಸಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ ಅಂತ ಅದರ ಅರ್ಥ. ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಕೌಂಟರು ಅಂತ ಎಣಿಸಿದರೆ ಸಾಲದು, ಒಬ್ಬೊಬ್ಬನಿಗೆ ಟಿಕೆಟು ಹರಿಯಲು ಎಷ್ಟು ಹೊತ್ತು ಅನ್ನುವುದೂ ಬೇಕಲ್ಲ. ಪುಟವೊಂದು ತಯಾರಾಗಲು ಅರ್ಧ ಸೆಕೆಂಡು ಸಾಕಾದರೆ ಸೆಕೆಂಡಿಗೆ 40 ಪುಟ ಕೊಡಬಹುದು. ಎರಡು ಸೆಕೆಂಡು ಹಿಡಿದರೆ ಹತ್ತೇ.

ಸಪೋರ್ಟಿನವರು ಚಾಟ್‌ನಲ್ಲಿ ಹೇಳಿದ್ದೇನು? ‘ಮೇಲಿನ ಪ್ಲಾನಿಗೆ ಅಪ್‌ಗ್ರೇಡ್ ಮಾಡಿ ಸರ್.’ ನಾನು ಮಾಡಲಿಲ್ಲ. ನಮ್ಮ ಹೋಸ್ಟಿನದು ಲೈಟ್‌ಸ್ಪೀಡ್ ಅನ್ನುವ ಸರ್ವರ್ ತಂತ್ರಾಂಶ, ಅದಕ್ಕೆಂದೇ ಇರುವ ಕ್ಯಾಶ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಕಿರು ತಂತ್ರಾಂಶ) ಉಚಿತ. ಹಾಕಿದೆ. ಒಮ್ಮೆ ತಯಾರಾದ ಪುಟವನ್ನು ಅದು ಹಾಗೇ ಎತ್ತಿಟ್ಟುಕೊಂಡು ಮುಂದಿನವರಿಗೆಲ್ಲ ಅದನ್ನೇ ಕೊಡುತ್ತದೆ, ಪಿಎಚ್‌ಪಿಯ ತಂಟೆಗೇ ಹೋಗುವುದಿಲ್ಲ. ಅಂದಿನಿಂದ 508 ಕಾಣೆ. ಆ ಚಾಟ್‌ನಲ್ಲಿದ್ದ ಹುಡುಗನಿಗೆ ಇದು ಗೊತ್ತಿರಲಿಲ್ಲವೋ, ಹೇಳಬಾರದೆಂದು ಇತ್ತೋ ದೇವರೇ ಬಲ್ಲ. ಅರ್ಧ ಅಂಕ ಕಳೆದದ್ದು ಇದಕ್ಕೇ.

ಜಾಗದ ವಿಷಯಕ್ಕೂ ಇದೇ ಆಟ. 100 ಜಿಬಿ ಅಂತ ದೊಡ್ಡದಾಗಿ ಬರೆದಿದ್ದಾರೆ. ಷರತ್ತುಗಳ ಪುಟದಲ್ಲಿ ‘ಐನೋಡ್ 2 ಲಕ್ಷ’ ಅಂತ ಇದೆ. ಫೈಲು ಚಿಕ್ಕದಿರಲಿ, ದೊಡ್ಡದಿರಲಿ, ಒಂದೊಂದಕ್ಕೂ ಒಂದು ಐನೋಡ್. ವೇಷದ ಫೋಟೋ ಒಂದನ್ನು ಕ್ಯಾಮೆರಾದಿಂದ ಹಾಗೇ ಏರಿಸಿದಿರಿ ಅಂತಿಟ್ಟುಕೊಳ್ಳಿ, ವರ್ಡ್‌ಪ್ರೆಸ್ ಮೂಲದ ಪ್ರತಿ ಇಟ್ಟುಕೊಂಡು 2560, 2048, 1536, 1024, 768, 300, 150 ಪಿಕ್ಸೆಲ್‌ನ ಪ್ರತಿಗಳನ್ನೂ ಮಾಡುತ್ತದೆ. ಒಂದು ಬಣ್ಣದ ವೇಷಕ್ಕೆ ಎಂಟು ಫೈಲು. ಇದಕ್ಕೆ ಕ್ಯಾಶ್ ಫೈಲುಗಳು ಸೇರಿದವು, ಅದೇ ಸರ್ವರ್‌ನಲ್ಲಿ ಇಮೇಲ್ ಇಟ್ಟುಕೊಂಡಿದ್ದರೆ ಒಂದೊಂದು ಮೇಲೂ ಸೇರಿತು. ಜಿಬಿ ಖಾಲಿ ಬಿದ್ದಿರುವಾಗಲೇ ಫೈಲಿನ ಲೆಕ್ಕ ತುಂಬಬಹುದು. ನಾವು ಬೇಡದ ಅಳತೆಗಳನ್ನು ನಿಲ್ಲಿಸಿದೆವು, ವಿಡಿಯೋ ಎಲ್ಲ ಯೂಟ್ಯೂಬಿಗೆ.

ಹೊಗಳಲೂ ಇದೆ. ಸರ್ವರ್ ಎಲ್ಲಿರಬೇಕು ಅಂತ ಕೊಳ್ಳುವಾಗಲೇ ಕೇಳಿದರು, ಮುಂಬೈ ಆರಿಸಿದೆ. ನಮ್ಮ ಓದುಗರು ಉಡುಪಿ, ಬೆಂಗಳೂರು, ಮುಂಬೈ, ಇನ್ನು ಸ್ವಲ್ಪ ಕೊಲ್ಲಿ ದೇಶಗಳವರು. ಅಮೆರಿಕದ ಸರ್ವರಿಗೆ ಹೋಗಿ ಬರುವ ದಾರಿಯೇ ಉಳಿತಾಯವಾಯಿತು, ಪುಟ ತೆರೆಯುವಾಗ ಕೈಗೇ ಗೊತ್ತಾಗುತ್ತದೆ. ಪಿಎಚ್‌ಪಿ ಆವೃತ್ತಿ ಬದಲಿಸುವುದು ಒಂದು ಕ್ಲಿಕ್ಕು. ಡೇಟಾಬೇಸು ಮೊದಲಿನಿಂದಲೇ ಯುಟಿಎಫ್8ಎಂಬಿ4 (ಎಲ್ಲ ಭಾಷೆಯ ಲಿಪಿಯೂ ಹಿಡಿಸುವ ಅಕ್ಷರ ಸಂಕೇತ) ಆಗಿತ್ತು, ಹಾಗಾಗಿ ಹಳೇ ಹೋಸ್ಟಿನಿಂದ ತಂದ ಕನ್ನಡ ಒಂದಕ್ಷರವೂ ಕೆಡಲಿಲ್ಲ. ಇಂಗ್ಲಿಷಿನಂಥ ಲಿಪಿಗಷ್ಟೇ ಆಗುವ ಲ್ಯಾಟಿನ್1 ಡೇಟಾಬೇಸಿಗೆ ಕನ್ನಡ ಸುರಿದು, ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ ನೋಡಿದವರಿಗೆ ಇದರ ಬೆಲೆ ಗೊತ್ತು.

ಕನ್ನಡದ ಮಾತು ಬಂತು, ಹೋಸ್ಟಿನ ತಪ್ಪಲ್ಲದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಪುಟದ ವಿಳಾಸದಲ್ಲಿ ಕನ್ನಡ ಬಿಟ್ಟರೆ ಒಂದೊಂದು ಅಕ್ಷರ, ಒತ್ತು, ಗುಣಿತದ ಗುರುತು ಎಲ್ಲವೂ ಮೂರು ಬೈಟು, ವಿಳಾಸದಲ್ಲಿ ಅದು ಒಂಬತ್ತು ಚಿಹ್ನೆ. ‘ಯಕ್ಷಗಾನ’ ಅನ್ನುವ ಒಂದು ಪದಕ್ಕೇ 63. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಡುವುದು 200. ಮೂರು ಸಲ ಯಕ್ಷಗಾನ ಅಂದರೆ ಜಾಗ ಮುಗೀತು, ಉದ್ದ ಪ್ರಸಂಗದ ಹೆಸರು ನಡುವೆಯೇ ತುಂಡಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಮೆರವಣಿಗೆ. ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ.

ಇನ್ನೊಂದು ತಮಾಷೆ. ‘ಇಂದಿನ ಆಟ’ ಪುಟ ರಾತ್ರಿ ಹನ್ನೆರಡಕ್ಕೆ ಬದಲಾಗುತ್ತಿರಲಿಲ್ಲ, ಬೆಳಿಗ್ಗೆ ಐದೂವರೆಗೆ ಬದಲಾಗುತ್ತಿತ್ತು. ವರ್ಡ್‌ಪ್ರೆಸ್ ಒಳಗೊಳಗೆ ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲೇ ನಡೆಯುತ್ತದೆ, ಅಲ್ಲಿ ನಡುರಾತ್ರಿಯಾದಾಗ ನಮಗೆ ಐದೂವರೆ. ಸರಿಪಡಿಸಲು ಹೊರಟವರನ್ನು ನಮ್ಮ ಭಾಗವತರ ಮಗ ತಡೆದ: ‘ಮಾರಾಯ್ರೆ, ಆಟ ಮುಗಿಯೋದೇ ಬೆಳಗಾದ ಮೇಲೆ. ರಾತ್ರಿ ಒಂದು ಗಂಟೆಗೆ ಹೊರಟವನು ಸೈಟು ನೋಡಿದರೆ ನಾಳೆಯ ಆಟ ತೋರಿಸ್ತೀರಾ?’ ಹೌದಲ್ಲ! ಕಾಲಮಿತಿಯ ಆಟಗಳು ಹೆಚ್ಚಾಗಿದ್ದರೂ ಇಡೀ ರಾತ್ರಿಯವೂ ಇವೆ. ಹಾಗೇ ಬಿಟ್ಟೆವು.

ಬ್ಯಾಕಪ್ ವಾರಕ್ಕೊಮ್ಮೆ ಅಂದಿದ್ದಾರೆ, ತೆಗೆಯುತ್ತಾರೆ ಕೂಡ. ಆದರೆ ಖಾತೆಯೇ ಅಮಾನತಾದರೆ ಆ ಬ್ಯಾಕಪ್ಪಿಗೂ ಬಾಗಿಲು ಮುಚ್ಚುತ್ತದೆ. ಅಪ್‌ಡ್ರಾಫ್ಟ್‌ಪ್ಲಸ್ ಅನ್ನುವ ಬ್ಯಾಕಪ್ ಪ್ಲಗಿನ್ನಿನ ಉಚಿತ ಆವೃತ್ತಿ ನಮ್ಮದೇ ಗೂಗಲ್ ಡ್ರೈವಿಗೆ ಪ್ರತಿ ಕಳಿಸುತ್ತದೆ, ನಮ್ಮ ನಂಬಿಕೆ ಅದರ ಮೇಲೆ. ಇಮೇಲನ್ನು ಹೋಸ್ಟಿನಲ್ಲಿ ಇಡಲೇ ಇಲ್ಲ. ಒಂದೇ ಐಪಿ (ಸರ್ವರಿನ ಅಂಕಿ ವಿಳಾಸ) ಹಂಚಿಕೊಂಡ ಯಾರೋ ಸ್ಪ್ಯಾಮ್ ಕಳಿಸಿದರೆ ನಮ್ಮ ಪತ್ರವೂ ಸ್ಪ್ಯಾಮಿಗೆ. 2024ರ ಫೆಬ್ರವರಿಯಿಂದ ಜಿಮೇಲ್ ಎಸ್‌ಪಿಎಫ್ ಅಥವಾ ಡಿಕಿಮ್ (ಪತ್ರ ನಿಜಕ್ಕೂ ನಮ್ಮದೇ ಅನ್ನುವ ಗುರುತುಗಳು) ಇಲ್ಲದ ಪತ್ರಗಳ ಮೇಲೆ ಬಿಗಿ ಮಾಡಿದೆ, ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿನ ದಾಖಲೆಗಳಲ್ಲಿ) ಅವೆರಡನ್ನೂ ಸೇರಿಸಿಕೊಳ್ಳಿ.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರಿನ ಬಗ್ಗೆ ಮಾತ್ರ ನಾನು ಹಟಮಾರಿ. ‘ಮೊದಲ ವರ್ಷ ಡೊಮೇನ್ ಉಚಿತ’ ಅಂತ ಕೊಟ್ಟರು, ಬೇಡ ಅಂದೆ. ನಮ್ಮ ಡಾಟ್ ಇನ್ ಹೆಸರು ಬೇರೆಯೇ ರಿಜಿಸ್ಟ್ರಾರ್ (ಹೆಸರು ನೋಂದಾಯಿಸುವ ಕಂಪನಿ) ಬಳಿ, ನಮ್ಮವರ ಹೆಸರಿನಲ್ಲೇ ಇದೆ. ಹೋಸ್ಟಿನವರ ಜೊತೆ ಜಗಳವಾದ ದಿನ ನೇಮ್‌ಸರ್ವರ್ (ಹೆಸರು ಯಾವ ಸರ್ವರಿಗೆ ಹೋಗಬೇಕು ಅನ್ನುವ ಗುರುತು) ಬದಲಿಸಿ ಎದ್ದು ಹೋಗಬಹುದು. ಪಕ್ಕದೂರಿನ ಒಂದು ದೇವಸ್ಥಾನದವರಿಗೆ ಸೈಟು ಮಾಡಿಕೊಟ್ಟವನು ಡೊಮೇನನ್ನು ತನ್ನ ಹೆಸರಿಗೇ ನೋಂದಾಯಿಸಿಕೊಂಡು ದುಬೈಗೆ ಹೋದ. ಅವಧಿ ಮುಗಿಯಿತು, ನೆನಪಿನ ಇಮೇಲೆಲ್ಲ ಅವನಿಗೇ. ಡಾಟ್ ಕಾಮ್‌ಗೆ ಗಡುವು ದಾಟಿದ ಮೇಲೂ ಕೆಲವು ವಾರ ವಿನಾಯಿತಿ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಸಿಗುತ್ತದೆ, ಆದರೆ ಕಟ್ಟಬೇಕಾದವನು ಖಾತೆಯ ಒಡೆಯ. ಈಗ ಅವರ ಹುಂಡಿಯ ಮೇಲಿನ ಬೋರ್ಡಿನಲ್ಲಿ ಹಳೆ ವಿಳಾಸಕ್ಕೆ ಬಣ್ಣ ಬಳಿದು ಹೊಸದು ಬರೆದಿದ್ದಾರೆ.

ಯಾರು ಕೊಳ್ಳಬಹುದು? ಸಂಘ, ಹೋಂಸ್ಟೇ, ಬ್ಲಾಗು, ನಮ್ಮಂಥ ಪಟ್ಟಿಯ ಸೈಟು, ಇವರಿಗೆ ಧಾರಾಳ ಸಾಕು. ಆನ್‌ಲೈನ್ ಅಂಗಡಿ ನಡೆಸುವವರಿಗೆ ಸಾಲದು. ಕಾರ್ಟ್, ಚೆಕ್‌ಔಟ್ ಪುಟಗಳು ಒಬ್ಬೊಬ್ಬರಿಗೂ ಬೇರೆ, ಅವನ್ನು ಕ್ಯಾಶ್ ಮಾಡಲಾಗದು, ಆ 20ರ ಬೇಲಿ ಹಬ್ಬದ ಮಾರಾಟದ ದಿನವೇ ಅಡ್ಡ ಬರುತ್ತದೆ. ಅವರು ವಿಪಿಎಸ್ (ತಮಗೇ ಮೀಸಲಾದ ಸರ್ವರಿನ ಪಾಲು) ನೋಡಲಿ, ಅದನ್ನು ನೋಡಿಕೊಳ್ಳಲು ಒಬ್ಬನನ್ನೂ ನೋಡಲಿ.

ನಮ್ಮ ನವೀಕರಣ ಬರುವುದು ಜೂನ್‌ನಲ್ಲಿ, ಪತ್ತನಾಜೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ. 449 ಕೊಡುವ ಯೋಚನೆಯಿಲ್ಲ. ಬಿಟ್ಟುಹೋಗುತ್ತೇವೆ ಅಂದರೆ ದರ ಇಳಿಸುತ್ತಾರಾ ಅಂತ ಚಾಟ್‌ನಲ್ಲಿ ಕೇಳುತ್ತೇನೆ. ಇಳಿಸದಿದ್ದರೆ ಮಳೆಗಾಲ ಪೂರ್ತಿ ಇದೆ, ಸೈಟು ಸಾಗಿಸಲು.