ಎಲ್ಫ್ ಮಾಂತ್ರಿಕನಿಗೆ ಮೂರು ದಾರಿ: ಬೆಂಕಿ, ಕತ್ತಿ, ಶಕುನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕತೆ ಕಟ್ಟುವ ಆಟ. ಅದರಲ್ಲಿ ನನ್ನ ಎಲ್ಫ್ (ಚೂಪು ಕಿವಿಯ ಕಾಲ್ಪನಿಕ ಜನ) ಮಾಂತ್ರಿಕ ಹುಟ್ಟುವಾಗ ಅವನ ಮೈಯಲ್ಲಿದ್ದ ಜೀವ 8 ಹಿಟ್ ಪಾಯಿಂಟ್. ಪಕ್ಕದಲ್ಲಿ ಕೂತ ಪ್ಯಾಲಡಿನ್‌ಗೆ, ಅಂದರೆ ಕವಚ ತೊಟ್ಟ ಧರ್ಮಯೋಧನಿಗೆ, 12. ಗಾಬ್ಲಿನ್ ಎಂಬ ಕುಳ್ಳ ವೈರಿ ಒಮ್ಮೆ ಕತ್ತಿ ಬೀಸಿದರೆ ಸರಾಸರಿ 5 ಹೋಗುತ್ತದೆ. ಎರಡು ಏಟು ಬಿದ್ದರೆ ಮುಗೀತು, ನಾನು ನೆಲದ ಮೇಲೆ. ಆಡಲು ಕೂತ ಮೊದಲ ಭಾನುವಾರವೇ ಈ ಲೆಕ್ಕ ತಲೆಗೆ ಹತ್ತಿತ್ತು. ಆದರೂ ಒಂದಾದ ಮೇಲೊಂದು ಮೂರು ಆಟದಲ್ಲಿ ಮೂರು ಸಲವೂ ಎಲ್ಫ್ ಮಾಂತ್ರಿಕನನ್ನೇ ಮಾಡಿಕೊಂಡೆ. ಚಟ ಅನ್ನಿ.

ಮೂರು ಸಲವೂ ದಾರಿ ಬೇರೆ. ಮೊದಲನೆಯವನು ಇವೋಕರ್, ಬೆಂಕಿ ಎರಚುವವನು. ಎರಡನೆಯವನು ಬ್ಲೇಡ್‌ಸಿಂಗರ್, ಕೈಯಲ್ಲಿ ಕತ್ತಿ ಹಿಡಿದ ಮಾಂತ್ರಿಕ. ಮೂರನೆಯವನು ಡಿವೈನರ್, ಮುಂದೇನಾಗುತ್ತದೆ ಎಂದು ಬೆಳಗ್ಗೆಯೇ ತಿಳಿದುಕೊಂಡು ಬರುವವನು. ಅದೇ ಡಿಎಂ (ಕತೆ ನಡೆಸಿ ವೈರಿಗಳನ್ನು ಆಡಿಸುವವನು), ಅದೇ ಗೆಳೆಯರು: ಒಬ್ಬ ಪ್ಯಾಲಡಿನ್, ಒಬ್ಬಳು ರೋಗ್ (ಕಳ್ಳಹೆಜ್ಜೆಯವಳು), ಒಬ್ಬ ಕ್ಲೆರಿಕ್ (ಗಾಯ ಮಾಯಿಸುವ ಪೂಜಾರಿ). ಪ್ರತಿ ಆಟವೂ ಲೆವೆಲ್ 1ರಿಂದ 5ರವರೆಗೆ. ನಿಯಮ 2014ರದ್ದು.

ಇಂಥ ಹೋಲಿಕೆ ಮಾಡುವಾಗ ಜಾಸ್ತಿ ಜನ ಡ್ಯಾಮೇಜ್, ಅಂದರೆ ಏಟಿಗೆ ಹೋಗುವ ಹಿಟ್ ಪಾಯಿಂಟ್, ಕೂಡಿಸಿ ನೋಡುತ್ತಾರೆ. ನನ್ನ ಅಳತೆಗೋಲು ಬೇರೆ. ಜಗಳದ ಮೂರನೇ ಸುತ್ತಿನಲ್ಲಿ ನಾನು ಹಾಕಿದ ಸ್ಪೆಲ್ (ಮಂತ್ರ) ಇನ್ನೂ ನಿಂತಿದೆಯಾ? ಮಾಂತ್ರಿಕನ ಒಳ್ಳೊಳ್ಳೆ ಸ್ಪೆಲ್‌ಗಳಿಗೆಲ್ಲ ಕಾನ್ಸಂಟ್ರೇಷನ್, ಅಂದರೆ ಸ್ಪೆಲ್ ನಿಂತಿರುವಷ್ಟು ಹೊತ್ತೂ ಗಮನ ಹಿಡಿದಿಡುವುದು, ಬೇಕು. ಏಟು ಬಿದ್ದಾಗ ಸೇವ್ ಉರುಳಿಸಬೇಕು, ಅಂದರೆ 20 ಮುಖದ ದಾಳಕ್ಕೆ ನಮ್ಮ ಬೋನಸ್ ಕೂಡಿಸಿ ಅಪಾಯ ತಪ್ಪಿಸಿಕೊಳ್ಳಬೇಕು. 10 ಅಥವಾ ಬಿದ್ದ ಡ್ಯಾಮೇಜಿನ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಬರಬೇಕು. ಬರಲಿಲ್ಲ ಅಂದರೆ ಸ್ಪೆಲ್ ಹೋಯಿತು, ಅದಕ್ಕೆ ಖರ್ಚಾದ ಸ್ಲಾಟೂ (ದಿನಕ್ಕೆ ಇಷ್ಟೇ ಅಂತ ಸಿಗುವ ಸ್ಪೆಲ್ ಹಾಕುವ ಅವಕಾಶ) ಹೋಯಿತು.

ಹೋಲಿಕೆ ನ್ಯಾಯವಾಗಿರಲಿ ಅಂತ ಮೂವರಿಗೂ ಆರು ಗುಣಗಳಲ್ಲಿ ಒಂದೇ ಅಂಕಿ ಕೊಟ್ಟೆ. ಎಲ್ಲರೂ ಹೈ ಎಲ್ಫ್ ಪಂಗಡದವರು. 27 ಪಾಯಿಂಟ್ ಖರ್ಚು ಮಾಡಿ ಸ್ಟ್ರೆಂತ್ 8, ಡೆಕ್ಸ್ (ಚುರುಕುತನ) 14, ಕಾನ್ (ಮೈಗಟ್ಟಿತನ) 14, ಇಂಟ್ (ಇಂಟೆಲಿಜೆನ್ಸ್) 15, ವಿಸ್ಡಮ್ 12, ಕರಿಸ್ಮಾ 8. ಅದರ ಮೇಲೆ ಹೈ ಎಲ್ಫ್‌ಗೆ ಸಿಗುವ ಡೆಕ್ಸ್ +2, ಇಂಟ್ +1 ಸೇರಿದರೆ ಎರಡೂ 16. ಮೇಜ್ ಆರ್ಮರ್ ಸ್ಪೆಲ್ ಹಾಕಿಕೊಂಡರೆ ಎಸಿ, ಅಂದರೆ ಏಟು ತಗುಲಲು ವೈರಿ ಮುಟ್ಟಬೇಕಾದ ಅಂಕಿ, 16. ಹೊಸಬರು ಸಾಮಾನ್ಯವಾಗಿ ಕಾನ್ ಕಡಿಮೆ ಮಾಡಿ ಆ ಪಾಯಿಂಟನ್ನು ಕರಿಸ್ಮಾಕ್ಕೆ ಸುರಿಯುತ್ತಾರೆ, ಎಲ್ಫ್ ಅಂದರೆ ಚೆಂದ ಇರಬೇಕಲ್ವಾ ಅಂತ. ಹಾಗೆ ಮಾಡಬೇಡಿ. ಆರು ಮುಖದ ದಾಳದ ಜೀವ ಇರುವವನಿಗೆ ಕಾನ್ 14 ಅಂದರೆ ಅನ್ನದ ತಟ್ಟೆ ಇದ್ದ ಹಾಗೆ, ಅದನ್ನು ತಳ್ಳಿ ಉಪ್ಪಿನಕಾಯಿಗೆ ಕೈ ಹಾಕಬಾರದು. ಹಳೆಯ ನಿಯಮಗಳಲ್ಲಿ ಎಲ್ಫ್‌ಗೆ ಈ ತಟ್ಟೆಯೇ ಚಿಕ್ಕದು. 2000ದ ಮೂರನೇ ಆವೃತ್ತಿಯಲ್ಲಿ ಎಲ್ಫ್ ಆದ ತಪ್ಪಿಗೆ ಕಾನ್‌ನಿಂದ 2 ಕಳೆಯುತ್ತಿದ್ದರು. 1978ರ ನಿಯಮದಲ್ಲಂತೂ ಎಲ್ಫ್ ಮಾಂತ್ರಿಕ ಎಷ್ಟೇ ಜಾಣನಾದರೂ 11ನೇ ಲೆವೆಲ್ ದಾಟುವ ಹಾಗಿರಲಿಲ್ಲ, ಮನುಷ್ಯನಿಗೆ ಮಿತಿಯೇ ಇರಲಿಲ್ಲ. ಈಗಿನವರು ಪುಣ್ಯವಂತರು.

ಲೆವೆಲ್ 1ರಲ್ಲಿ ಮೂವರಿಗೂ ವ್ಯತ್ಯಾಸವೇ ಇಲ್ಲ. ದಾರಿ ಆರಿಸುವುದು ಲೆವೆಲ್ 2ರಲ್ಲಿ. ಅಲ್ಲಿಯವರೆಗೆ ಕಾಪಾಡುವುದು ಸ್ಲೀಪ್ ಸ್ಪೆಲ್ ಒಂದೇ. ಎಂಟು ಮುಖದ ಐದು ದಾಳ ಉರುಳಿಸಿ, ಬಂದಷ್ಟು ಹಿಟ್ ಪಾಯಿಂಟಿನ ವೈರಿಗಳು ಅಲ್ಲೇ ನಿದ್ದೆ. ಸೇವ್ ಗೀವ್ ಏನೂ ಇಲ್ಲ. ಮೊದಲ ಆಟದಲ್ಲಿ ನನಗೆ ಬಿದ್ದಿದ್ದು ಸರಿಯಾಗಿ 21. ಗಾಬ್ಲಿನ್‌ಗೆ ತಲಾ 7. ಮೂರು ಗಾಬ್ಲಿನ್ ಗೊರಕೆ! ಡಿಎಂ ಮುಖ ನೋಡಬೇಕಿತ್ತು. ಅದೇ ಸ್ಪೆಲ್ಲನ್ನು ಲೆವೆಲ್ 3ರಲ್ಲಿ ಓಗರ್ ಮೇಲೆ ಹಾಕಿದೆ. ಅದಕ್ಕೆ 59 ಇದೆ. ಆಕಳಿಕೆಯೂ ಬರಲಿಲ್ಲ.

ಇನ್ನು ಬೆಂಕಿಯವನು. ಇವೋಕರ್‌ನ ಮುಖ್ಯ ಆಸ್ತಿ ಸ್ಕಲ್ಪ್ಟ್ ಸ್ಪೆಲ್ಸ್. ಇವೋಕೇಷನ್ (ಬೆಂಕಿಯಂಥ ಶಕ್ತಿ ಎರಚುವ ಬಗೆ) ಸ್ಪೆಲ್ ಎಸೆಯುವಾಗ, ಸ್ಪೆಲ್‌ನ ಲೆವೆಲ್‌ಗೆ (ಇದು ಮಾಂತ್ರಿಕನ ಲೆವೆಲ್ ಅಲ್ಲ, ಸ್ಪೆಲ್‌ನದೇ ದರ್ಜೆ) ಒಂದು ಕೂಡಿಸಿ, ಅಷ್ಟು ಜನರನ್ನು ಉಳಿಸಬಹುದು. ಅವರಿಗೆ ಕೂದಲೂ ಕೊಂಕುವುದಿಲ್ಲ. ಫೈರ್‌ಬಾಲ್ ಮೂರನೇ ಲೆವೆಲ್‌ನದು, ಹಾಗಾಗಿ ನಾಲ್ಕು ಜನ. ನಮ್ಮ ಗುಂಪಿನಲ್ಲಿ ನನ್ನ ಬಿಟ್ಟರೆ ಇರುವುದೇ ಮೂವರು. ಲೆವೆಲ್ 5 ಆದ ದಿನ ಪ್ಯಾಲಡಿನ್ ಗಾಬ್ಲಿನ್‌ಗಳ ನಡುವೆ ಸಿಕ್ಕಿಬಿದ್ದಿದ್ದ. "ಗುರು, ನನ್ನ ಮೇಲೆ ಹಾಕ್ತೀಯಾ?" ಎಂದು ಕೇಳುವಷ್ಟರಲ್ಲಿ ಎಂಟು ದಾಳ ಉರುಳಿಯಾಗಿತ್ತು. 31. ಸುತ್ತಲೂ ಬೂದಿ, ನಡುವೆ ಇವನೊಬ್ಬ ಹೊಳೆಯುವ ಕವಚದಲ್ಲಿ. ಆ ಸಂತೋಷಕ್ಕೆ ಬೆಲೆ ಕಟ್ಟಕ್ಕಾಗಲ್ಲ.

ಆದರೆ ಲೆವೆಲ್ 5ರಲ್ಲಿ ಮೂರನೇ ಲೆವೆಲ್ ಸ್ಲಾಟ್ ಎರಡೇ. ಆರ್ಕೇನ್ ರಿಕವರಿ ಎಂಬ ಸಾಮರ್ಥ್ಯದಲ್ಲಿ ಇನ್ನೊಂದು ವಾಪಸ್ ಪಡೆಯಬಹುದು. ಅಲ್ಲಿಗೆ ದಿನಕ್ಕೆ ಮೂರು ಪಟಾಕಿ. ಆಮೇಲೆ ಸ್ಲಾಟ್ ಬೇಡದ ಪುಟ್ಟ ಸ್ಪೆಲ್ ಫೈರ್ ಬೋಲ್ಟ್ ಎಸೆಯುತ್ತ ಕೂರಬೇಕು. ನನಗೆ ಇನ್ನೊಂದು ತಕರಾರು ಇದೆ. ಸ್ಕಲ್ಪ್ಟ್ ಸ್ಪೆಲ್ಸ್ ನಡೆಯುವುದು ಇವೋಕೇಷನ್ ಸ್ಪೆಲ್‌ಗಳಿಗೆ ಮಾತ್ರ. ಆಟವನ್ನೇ ತಿರುಗಿಸುವ ವೆಬ್ (ಬಲೆ) ಕಂಜುರೇಷನ್ ಬಗೆಯದು, ಹಿಪ್ನಾಟಿಕ್ ಪ್ಯಾಟರ್ನ್ (ಮಂಕು ಹಿಡಿಸುವುದು) ಇಲ್ಯೂಷನ್ ಬಗೆಯದು. ಹಾಗಾಗಿ ಎದುರಿಗಿದ್ದವರನ್ನು ಬಲೆಯಲ್ಲಿ ಕಟ್ಟಿಹಾಕಬೇಕಾದ ಕಡೆಯೂ ಕೈ ತಾನಾಗಿಯೇ ಬೆಂಕಿಗೆ ಹೋಗುತ್ತದೆ. ನನ್ನ ಇವೋಕರ್ ಮೂರನೇ ಸುತ್ತಿನ ಪರೀಕ್ಷೆಗೆ ಕೂತಿದ್ದೇ ಕಡಿಮೆ, ಹಿಡಿದು ನಿಲ್ಲಿಸುವ ಸ್ಪೆಲ್ ಹಾಕಿದ್ದರೆ ತಾನೇ? ಹಾಕಿದಾಗಲೂ ಸೇವ್‌ಗೆ ಕಾನ್ 14 ಕೊಡುವ +2 ಬಿಟ್ಟರೆ ಬೇರೆ ಆಸರೆ ಇಲ್ಲ. ಸಣ್ಣ ಏಟಿಗೆ 20ರಲ್ಲಿ 13 ಸಲ ಉಳಿಯುತ್ತದೆ, 7 ಸಲ ಹೋಗುತ್ತದೆ.

ಬ್ಲೇಡ್‌ಸಿಂಗರ್ ವಿಷಯಕ್ಕೆ ಬಂದರೆ, ಎಲ್ಫ್ ಆಡುವವರೆಲ್ಲ ಒಮ್ಮೆ ಮೋಹಕ್ಕೆ ಬೀಳುವುದು ಇವನಿಗೇ. 2015ರಲ್ಲಿ ಮೊದಲು ಬಂದಾಗ ಇದು ಎಲ್ಫ್ ಮತ್ತು ಹಾಫ್ ಎಲ್ಫ್‌ಗಳ ಸ್ವತ್ತು. 2020ರ ಪುಸ್ತಕದಲ್ಲಿ ಆ ಬೇಲಿ ತೆಗೆದರು. ಈಗ ಕುಳ್ಳ ಡ್ವಾರ್ಫ್ ಕೂಡ ಕತ್ತಿ ಹಿಡಿದು ಕುಣಿಯಬಹುದು. ನಾನು ಆಡಿದ್ದು 2020ರ ರೂಪ.

ಕಾಗದದ ಮೇಲೆ ಇವನನ್ನು ಮೀರಿಸುವವರಿಲ್ಲ. ಬ್ಲೇಡ್‌ಸಾಂಗ್ ಶುರು ಮಾಡಿದರೆ ಒಂದು ನಿಮಿಷ ಇಂಟೆಲಿಜೆನ್ಸ್‌ನ ಬೋನಸ್ ಎಸಿಗೆ ಸೇರುತ್ತದೆ, ಕಾನ್ಸಂಟ್ರೇಷನ್ ಸೇವ್‌ಗೂ ಸೇರುತ್ತದೆ. ಓಟ 10 ಅಡಿ ಜಾಸ್ತಿ. ಲೆವೆಲ್ 4ರಲ್ಲಿ ಇಂಟ್ 18 ಮಾಡಿಕೊಂಡೆ. ಮೇಜ್ ಆರ್ಮರ್ ಜೊತೆ ಎಸಿ 20. ಶೀಲ್ಡ್ ಸ್ಪೆಲ್ ಹಾಕಿದರೆ 25. ಲೋಹದ ಕವಚ ತೊಟ್ಟ ಪ್ಯಾಲಡಿನ್ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡ. ಕಾನ್ಸಂಟ್ರೇಷನ್‌ಗೆ +6, ಅಂದರೆ ಸಣ್ಣ ಏಟಿಗೆ 20ರಲ್ಲಿ 17 ಸಲ ಸ್ಪೆಲ್ ಉಳಿಯುತ್ತದೆ. ನನ್ನ ಅಳತೆಗೋಲಿನಲ್ಲಿ ಇವನೇ ಮೊದಲು ಬರಬೇಕಿತ್ತು.

ಬರಲಿಲ್ಲ. ತಪ್ಪು ನನ್ನದೇ, ಆದರೆ ಆ ತಪ್ಪನ್ನು ನನ್ನ ಕೈಯಲ್ಲಿ ಮಾಡಿಸಿದ್ದು ಆ 20 ಎಂಬ ಅಂಕಿ. ಎಸಿ ಚೆನ್ನಾಗಿದೆ ಅಂತ ಮುಂದೆ ಹೋಗಿ ನಿಂತೆ. ರೇಪಿಯರ್ ಚುಚ್ಚಿದರೆ ಸರಾಸರಿ ಏಳೂವರೆ, ಹಿಂದೆ ನಿಂತು ಫೈರ್ ಬೋಲ್ಟ್ ಎಸೆದರೆ ಐದೂವರೆ. ಎರಡು ಪಾಯಿಂಟಿನ ಆಸೆಗೆ ಮೈ ಒಡ್ಡಿದೆ ಅನ್ನಿ. ಒಂದೇ ಸರದಿಯಲ್ಲಿ ಎರಡನೇ ಏಟು ಸಿಗುವುದು ಲೆವೆಲ್ 6ಕ್ಕೆ, ಅಲ್ಲಿಯವರೆಗೆ ಕತ್ತಿ ಬರೀ ಶೋಕಿ.

ಗುಹೆಯೊಳಗೆ ಕೆಂಪು ಡ್ರ್ಯಾಗನ್‌ನ ಮರಿ, ಅದರ ಸುತ್ತ ಕೋಬೋಲ್ಡ್‌ಗಳು (ಹಲ್ಲಿಯಂಥ ಪುಟ್ಟ ಜೀವಿಗಳು). ಒಂದು ಕೋಬೋಲ್ಡ್ ಚಾಕು ತಗೊಂಡು ಬಂತು. ಡಿಎಂ 21 ಅಂದ. 20ನ್ನು ಒಂದರಿಂದ ದಾಟಿತು. ನಾನು ಯೋಚನೆಯನ್ನೇ ಮಾಡದೆ "ಶೀಲ್ಡ್!" ಅಂದೆ. ಚಾಕು ತಪ್ಪಿತು. ಅದು ತಗುಲಿದ್ದರೆ ಹೋಗುತ್ತಿದ್ದುದು ಹೆಚ್ಚೆಂದರೆ 6. ಮುಂದಿನ ಸರದಿ ಡ್ರ್ಯಾಗನ್ ಮರಿಯದು. ಬಾಯಿ ತೆರೆಯಿತು. ಬೆಂಕಿಗೆ ಎಸಿ ಲೆಕ್ಕಕ್ಕಿಲ್ಲ, ಡೆಕ್ಸ್ ಸೇವ್ ಉರುಳಿಸಬೇಕು. 13 ಬೇಕಿತ್ತು, ಬಂದಿದ್ದು 6, ಮೇಲೆ ಡೆಕ್ಸ್‌ನ 3. ಡ್ಯಾಮೇಜ್ 29. ನನ್ನ ಹತ್ತಿರ ಇದ್ದಿದ್ದು 26. ಇಂಥ ಬೆಂಕಿಯನ್ನು ಅರ್ಧ ಮಾಡುವ ಅಬ್ಸಾರ್ಬ್ ಎಲಿಮೆಂಟ್ಸ್ ಸ್ಪೆಲ್ ತಯಾರಾಗಿಯೇ ಇತ್ತು, ಆದರೆ ಅದಕ್ಕೆ ಬೇಕಾದ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ತಟ್ಟನೆ ಮಾಡುವ ಕೆಲಸ) ಒಂದು ಸುತ್ತಿಗೆ ಒಂದೇ. ಅದನ್ನು ಶೀಲ್ಡ್ ಹಾಕಿ ಕೋಬೋಲ್ಡ್‌ನ ಚಾಕುವಿಗೆ ಕೊಟ್ಟಾಗಿತ್ತು. ನಾನು ಬಿದ್ದೆ, ನಾನು ಹಿಡಿದಿದ್ದ ವೆಬ್ ಕರಗಿತು, ಅದರಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಕೋಬೋಲ್ಡ್‌ಗಳು ಮೈ ಕೊಡವಿಕೊಂಡು ಎದ್ದವು. ಕ್ಲೆರಿಕ್ ದೂರದಿಂದ ಹೀಲಿಂಗ್ ವರ್ಡ್ ಹೇಳಿ ಎಬ್ಬಿಸಿದ, ಬೈದುಕೊಂಡೇ.

ಆಮೇಲೆ ಉಳಿದ ಆಟ ಪೂರ್ತಿ ಇದೇ ಬ್ಲೇಡ್‌ಸಿಂಗರ್‌ನನ್ನು ಪ್ಯಾಲಡಿನ್‌ನ ಬೆನ್ನ ಹಿಂದೆ ನಿಲ್ಲಿಸಿ ಆಡಿದೆ. ಕತ್ತಿ ಸೊಂಟದಲ್ಲಿ, ಬ್ಲೇಡ್‌ಸಾಂಗ್ ಬರೀ ಕಾನ್ಸಂಟ್ರೇಷನ್ ಉಳಿಸಲು. ಹಾಗೆ ಆಡಿದರೆ ಅವನು ಬಂಡೆ. ಸುಮ್ನೆ ಹೇಳುತ್ತಿಲ್ಲ, ಲೆವೆಲ್ 5ರಲ್ಲಿ ಹಾಕಿದ ಒಂದು ಹಿಪ್ನಾಟಿಕ್ ಪ್ಯಾಟರ್ನ್ ಜಗಳ ಮುಗಿಯುವವರೆಗೂ ಅಲ್ಲಾಡಲಿಲ್ಲ. ಆದರೆ ಕತ್ತಿ ಕೊಟ್ಟು ಬಳಸಬೇಡ ಅಂದರೆ ಎಷ್ಟು ದಿನ ಸುಮ್ಮನಿರುತ್ತೀರಿ? ನನಗಂತೂ ಕೈ ತುರಿಸುತ್ತಿತ್ತು.

ಡಿವೈನರ್‌ನನ್ನು ಕೊನೆಗೆ ಇಟ್ಟುಕೊಂಡಿದ್ದು ಬೇಕಂತಲೇ. ಇವನ ಶಕ್ತಿಯ ಹೆಸರು ಪೋರ್ಟೆಂಟ್, ನಮ್ಮ ಮಾತಿನಲ್ಲಿ ಶಕುನ. ಬೆಳಗ್ಗೆ ಎದ್ದ ಮೇಲೆ 20 ಮುಖದ ದಾಳ ಎರಡು ಉರುಳಿಸಿ ಬಂದದ್ದನ್ನು ಬರೆದಿಟ್ಟುಕೊಳ್ಳಬೇಕು. ಆ ದಿನ ಕಣ್ಣಿಗೆ ಕಾಣುವ ಯಾರದೇ ಏಟು, ಸೇವ್ ಅಥವಾ ಚೆಕ್‌ಗೆ (ಸಾಮರ್ಥ್ಯ ಪರೀಕ್ಷಿಸುವ ದಾಳ) ಬೇಕಾದಾಗ ಆ ಅಂಕಿ ಇಡಬಹುದು, ಒಂದೊಂದನ್ನು ಒಮ್ಮೆ. ಮೊದಲ ವಾರವೇ ಗೆಳೆಯರು ನನ್ನ ಎಲ್ಫ್‌ನ ಹೆಸರು ಮರೆತು ಶಕುನಿ ಅಂತ ಕರೆಯಲು ಶುರು ಮಾಡಿದರು. ಹೇಳಿದಂತೆ ಬೀಳುವ ದಾಳ, ಇನ್ನೇನು ಕರೀತಾರೆ?

ಲೆವೆಲ್ 3ರಲ್ಲಿ ಒಂದು ದಿನ ನನಗೆ ಬಿದ್ದಿದ್ದು 18 ಮತ್ತು 3. ಹೊಸಬರು 18 ನೋಡಿ ಕುಣಿಯುತ್ತಾರೆ. ಚಿನ್ನ ಇರುವುದು ಆ 3ರಲ್ಲಿ. ಸಂಜೆ ದರೋಡೆಕೋರರ ನಾಯಕ ಎದುರಾದ, 65 ಹಿಟ್ ಪಾಯಿಂಟ್. ಹೋಲ್ಡ್ ಪರ್ಸನ್ ಹಾಕಿದೆ, ಅವನು ವಿಸ್ಡಮ್ ಸೇವ್‌ನಲ್ಲಿ 13 ಮುಟ್ಟಬೇಕು. ಡಿಎಂ ದಾಳ ಎತ್ತುವ ಮೊದಲೇ ಹಾಳೆಯ ಮೇಲಿನ 3ರ ಸುತ್ತ ಗೀಟು ಹಾಕಿ ಅವನ ಮುಂದೆ ತಳ್ಳಿದೆ. 3ಕ್ಕೆ ನಾಯಕನ 2 ಸೇರಿಸಿದರೆ 5. ಕಲ್ಲಾಗಿ ನಿಂತ. ಕಲ್ಲಾದವನಿಗೆ ಹತ್ತಿರದಿಂದ ಬಿದ್ದ ಏಟೆಲ್ಲ ಕ್ರಿಟಿಕಲ್, ಅಂದರೆ ಡ್ಯಾಮೇಜಿನ ದಾಳ ಎರಡರಷ್ಟು. ಪ್ಯಾಲಡಿನ್ ತನ್ನ ದೈವಶಕ್ತಿಯ ಸ್ಮೈಟ್ ಸೇರಿಸಿ ಬೀಸಿದ, ರೋಗ್ ಹಿಂದಿನಿಂದ ಚುಚ್ಚಿದಳು. ಒಂದೇ ಸುತ್ತಿನಲ್ಲಿ ಡ್ಯಾಮೇಜ್ 50 ದಾಟಿತು. ನಾನು ಒಂದು ಪಾಯಿಂಟ್ ಡ್ಯಾಮೇಜೂ ಮಾಡಿರಲಿಲ್ಲ.

ಮೂರನೇ ಸುತ್ತಿನ ಪರೀಕ್ಷೆಯನ್ನು ಇವನು ಪಾಸಾಗುವ ರೀತಿ ಬೇರೆ. ಮೂರನೇ ಸುತ್ತು ಬರಲು ಬಿಡುವುದೇ ಇಲ್ಲ. ಕಾನ್ಸಂಟ್ರೇಷನ್ ಕೈಕೊಡುವ ಹೊತ್ತಿಗೆ ಕೆಲಸ ಆಗಿರುತ್ತದೆ. ಎಲ್ಫ್‌ನ ಕಣ್ಣು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪೋರ್ಟೆಂಟ್ ಇಡಲು ಎದುರಿನವನು ಕಾಣಬೇಕು, ಎಲ್ಫ್‌ಗೆ ಕತ್ತಲಲ್ಲೂ 60 ಅಡಿ ಕಾಣುತ್ತದೆ. ಪಂಜು ಹಚ್ಚಿ ನಮ್ಮ ಜಾಗ ತೋರಿಸಿಕೊಡುವ ಗೋಜಿಲ್ಲ.

ಕೆಟ್ಟ ದಿನಗಳೂ ಇವೆ. 10, 11 ಬಿದ್ದರೆ ಯಾರಿಗೆ ಕೊಡೋದು? ಎರಡು ದಾಳವೂ 8ರಿಂದ 13ರ ಒಳಗೇ ಬೀಳುವ ಸಾಧ್ಯತೆ ನೂರಕ್ಕೆ 9. ಅಂಥ ದಿನ ಇವನು ಬರೀ ಮಾಮೂಲಿ ಮಾಂತ್ರಿಕ. ಇನ್ನೊಂದು, ದಾಳ ಬೀಳುವ ಮೊದಲೇ ಬಾಯಿ ಬಿಡಬೇಕು. ಒಮ್ಮೆ ಚಹಾ ಹೀರುತ್ತ ತಡಮಾಡಿದೆ. ಡಿಎಂ 19 ಉರುಳಿಸಿದ ಮೇಲೆ ಕೂಗಿಕೊಂಡೆ. "ಆಯ್ತು ಸ್ವಾಮಿ, ಬಿದ್ದಾಯ್ತು" ಅಂದ. ನಿಯಮ ನಿಯಮವೇ. ದೊಡ್ಡ ಡ್ರ್ಯಾಗನ್‌ಗಳಂಥವಕ್ಕೆ ಲೆಜೆಂಡರಿ ರೆಸಿಸ್ಟೆನ್ಸ್ ಇರುತ್ತದೆ. ನೀವು 1 ಇಟ್ಟರೂ ಅವು ಸೇವ್ ಆಯಿತು ಅಂದುಬಿಡುತ್ತವೆ.

ನಡುವೆ ಎರಡು ಸೆಷನ್ ವುಡ್ ಎಲ್ಫ್ ಮಾಡಿಯೂ ನೋಡಿದೆ. 35 ಅಡಿ ಓಟ ಸೊಗಸಾಗಿದೆ. ಆದರೆ +1 ಹೋಗುವುದು ವಿಸ್ಡಮ್‌ಗೆ. ಇಂಟ್ 15ಕ್ಕೇ ನಿಂತು, ನನ್ನ ಸ್ಪೆಲ್‌ನಿಂದ ತಪ್ಪಿಸಿಕೊಳ್ಳಲು ವೈರಿ ಮುಟ್ಟಬೇಕಾದ ಸೇವ್‌ನ ಅಂಕಿ 13ರ ಬದಲು 12. ಬಿಟ್ಟೆ. ಡ್ರೌ ಎಂಬ ಇನ್ನೊಂದು ಪಂಗಡದ ಎಲ್ಫ್‌ಗೆ ಬಿಸಿಲು ಆಗುವುದಿಲ್ಲ, ನಮ್ಮ ಡಿಎಂಗೆ ಹಗಲಿನ ಜಗಳ ಅಂದರೆ ಪ್ರಾಣ. ಅದನ್ನು ಮುಟ್ಟಲೇ ಇಲ್ಲ.

ಹೊಸಬರು ಕೇಳಿದರೆ ಇವೋಕರ್ ಮಾಡಿ ಅಂತಲೇ ಹೇಳುತ್ತೇನೆ, ಗೆಳೆಯರನ್ನು ಸುಟ್ಟ ಪಾಪ ಬರುವುದಿಲ್ಲ. ಆದರೆ 2014ರ ನಿಯಮವಾದರೆ ಮಾತ್ರ. 2024ರ ಹ್ಯಾಂಡ್‌ಬುಕ್‌ನಲ್ಲಿ ಸ್ಕಲ್ಪ್ಟ್ ಸ್ಪೆಲ್ಸ್ ಲೆವೆಲ್ 6ಕ್ಕೆ ಹೋಗಿದೆ, ಫೈರ್‌ಬಾಲ್ ಎಂದಿನಂತೆ 5ಕ್ಕೇ ಬರುತ್ತದೆ. ನಡುವಿನ ಆ ಒಂದು ಲೆವೆಲ್ ಪ್ಯಾಲಡಿನ್ ದೇವರ ಮೇಲೆ ಭಾರ ಹಾಕಬೇಕು. ಬ್ಲೇಡ್‌ಸಿಂಗರ್ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸ್ಲೀಪ್‌ಗೆ ಈಗ ವಿಸ್ಡಮ್ ಸೇವ್ ಇದೆ. ಇಂಟೆಲಿಜೆನ್ಸ್ ಏರಿಕೆ ಎಲ್ಫ್ ಜಾತಿಯಿಂದ ಬರುವುದಿಲ್ಲ, ಹಿನ್ನೆಲೆಯಿಂದ ಬರುತ್ತದೆ. ಅದರ ಬದಲಿಗೆ ಹೈ ಎಲ್ಫ್‌ಗೆ ಲೆವೆಲ್ 5ರಲ್ಲಿ ಮಿಸ್ಟಿ ಸ್ಟೆಪ್ ಪುಕ್ಕಟೆ, ಸಿಕ್ಕಿಬಿದ್ದ ಜಾಗದಿಂದ 30 ಅಡಿ ಆಚೆ ಮಾಯವಾಗಲು.

ಬರುವ ಭಾನುವಾರ ಹೊಸ ಆಟ, ಹೊಸ ನಿಯಮ. ಶೀಟ್ ಬರೆದಾಗಿದೆ. ಹೈ ಎಲ್ಫ್, ಡಿವೈನರ್, ಕಾನ್ 14. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ, ರೋಗ್ ಆಡುವವಳು ಪೆನ್ಸಿಲ್ ಕಸಿದುಕೊಂಡು ತಾನೇ ಶಕುನಿ ಅಂತ ಬರೆದಳು.