ಅರ್ಧ ಕೆಜಿ ಖಾರ

ಬೆಂಗಳೂರಿನ ಗಾಂಧಿ ಬಜಾರಿಗೆ ಹೋದಾಗಲೆಲ್ಲ ಅಲ್ಲಿನ ಒಂದು ಕಾಂಡಿಮೆಂಟ್ಸ್ ಅಂಗಡಿಗೆ, ಅಂದರೆ ಕುರುಕಲು ತಿಂಡಿ, ಪುಡಿಗಳನ್ನು ಮಾರುವ ಅಂಗಡಿಗೆ, ಹೋಗಿಯೇ ಬರುತ್ತೇನೆ. ಕೋಡುಬಳೆ ಗರಿಗರಿ, ನಿಪ್ಪಟ್ಟಿಗೆ ಕಡಲೆಬೀಜ ಧಾರಾಳವಾಗಿ ಹಾಕಿರುತ್ತಾರೆ, ಹಳೇ ಎಣ್ಣೆ ವಾಸನೆ ಒಂದು ದಿನವೂ ಬಂದಿಲ್ಲ. ಆದರೆ ನಾನು ಬರೆಯಲು ಕೂತಿದ್ದು ಇಲ್ಲಿನ ಖಾರದ ಬಗ್ಗೆ.

ಹೋದ ವಾರ ಹುಬ್ಬಳ್ಳಿಯ ಅತ್ತಿಗೆ ಜೊತೆಗಿದ್ದರು. ಅಡುಗೆಗೆ ಬೇಕು ಅಂತ "ಅರ್ಧ ಕೆಜಿ ಖಾರ ಕೊಡ್ರಿ" ಅಂದರು. ಅಂಗಡಿಯವರು ಓಂಪುಡಿ, ಬೂಂದಿ, ಕಡಲೆಬೀಜ, ಕರಿಬೇವು ಎಲ್ಲ ಬೆರೆಸಿದ ಮಿಕ್ಸ್ಚರ್ ತೂಗಲು ಶುರು ಮಾಡಿದರು.

"ಇದಲ್ರಿ, ಖಾರ!"

"ಇದೇ ಅಮ್ಮಾ ಖಾರ."

ಇಬ್ಬರ ಮಾತೂ ಸರಿ. ಅವರ ಕಡೆ ಖಾರ ಅಂದರೆ ಮೆಣಸಿನಪುಡಿ, ಮಸಾಲೆ ಸೇರಿಸಿ ಕುಟ್ಟಿದರೆ ಮಸಾಲಿ ಖಾರ. ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಅದು ಕುರುಕಲು ತಿಂಡಿ. ಒಂದೇ ರುಚಿ, ಎರಡು ಊರಲ್ಲಿ ಎರಡು ಬೇರೆ ಪದಾರ್ಥದ ಹೆಸರಾಗಿ ಕೂತಿದೆ.

ಗುಣ ಹೇಳುವ ಮಾತು ಹೆಸರಾದ ಮೇಲೆ ಆ ಗುಣ ಇರಲೇಬೇಕು ಅಂತಿಲ್ಲ, ನನಗೆ ತುಂಬ ಇಷ್ಟವಾಗುವುದು ಇದೇ. ಮಕ್ಕಳಿಗೆ ಅಂತ ಮೆಣಸಿನಪುಡಿ ಕಮ್ಮಿ ಹಾಕಿದ ಮಿಕ್ಸ್ಚರ್ ಇಲ್ಲಿ ಸಿಗುತ್ತದೆ, ಅದೂ ಖಾರವೇ. "ಈ ಸಲದ ಖಾರ ಖಾರವಾಗಿಲ್ಲ" ಅಂದರೆ ಯಾರಿಗೂ ಗೊಂದಲವಾಗುವುದಿಲ್ಲ, ಅಲ್ವಾ? ಹುಳಿಪುಡಿ ನೋಡಿ. ಬೇಳೆ, ತರಕಾರಿ, ಹುಣಸೆರಸ ಸೇರಿಸಿ ಮಾಡುವ ಹುಳಿಗೆ ಹಾಕುವ ಪುಡಿ ಅದು. ಅದರಲ್ಲಿರುವುದು ಧನಿಯಾ, ಒಣಮೆಣಸಿನಕಾಯಿ, ಕಡಲೆಬೇಳೆ, ಮೆಂತ್ಯ. ಚಿಟಿಕೆ ಬಾಯಿಗೆ ಹಾಕಿಕೊಂಡರೆ ಹುಳಿ ರುಚಿ ಸಿಗುವುದಿಲ್ಲ. ಇನ್ನು ಸಿಹಿ. ಮಗಳು ಪಾಸಾದಳು ಅಂತ ಸಿಹಿ ಹಂಚಬೇಕಾದರೆ ಮೈಸೂರು ಪಾಕ್, ಲಾಡು ಏನಾದರೂ ಬೇಕು. ಬಾಳೆಹಣ್ಣು ಎಷ್ಟೇ ಸಿಹಿಯಾಗಿದ್ದರೂ ಅದನ್ನು ಕೊಟ್ಟರೆ ಸಿಹಿ ಕೊಟ್ಟ ಹಾಗಾಗುವುದಿಲ್ಲ.

ಅಂಗಡಿಯವರ ತಾಳ್ಮೆ ದೊಡ್ಡದು. ತೂಗಿದ್ದನ್ನು ಬೇಸರವಿಲ್ಲದೆ ವಾಪಸ್ ಡಬ್ಬಕ್ಕೆ ಸುರಿದು, ಅತ್ತಿಗೆಗೆ ಬ್ಯಾಡಗಿ ಮೆಣಸಿನಪುಡಿ ತೋರಿಸಿ, ಸುಮ್ನೆ ರುಚಿ ನೋಡಿ ಅಂತ ಒಂದು ಹಿಡಿ ಮಿಕ್ಸ್ಚರನ್ನೂ ಕೈಗೆ ಹಾಕಿದರು. ಪುಡಿಗಳ ಪೊಟ್ಟಣದ ಮೇಲೆ ತಯಾರಿಸಿದ ದಿನ ಬರೆದಿರುವುದಿಲ್ಲ, ಅದೊಂದು ಸರಿ ಮಾಡಬೇಕು. ಸಂಜೆ ರಶ್ ಜಾಸ್ತಿ, ಬೆಳಗ್ಗೆ ಹೋಗಿ.

ಅತ್ತಿಗೆ ಎರಡೂ ಖಾರ ಕಟ್ಟಿಸಿಕೊಂಡು ಹುಬ್ಬಳ್ಳಿಗೆ ಹೋದರು.