ತೀರ್ಪು ಹುಡುಕುವ ಇ-ಕೋರ್ಟ್ಸ್ ಜಾಲತಾಣ: ಧಾರವಾಡ ಪೀಠದ ಪಕ್ಷಗಾರರಿಗೆ ಎಷ್ಟು ಉಪಯೋಗ?

ಹೈಕೋರ್ಟಿನ ಧಾರವಾಡ ಪೀಠದಿಂದ ದೊಡ್ಡ ಆದೇಶವೊಂದು ಬಂದ ದಿನ ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಎರಡು ಮಾತು ಕೇಳಿಸುತ್ತವೆ: ‘ಮಂದಿ ಗದ್ದಲಾ ಮಾಡಿದ್ರು, ಅದಕ್ಕ ಹಿಂಗಾತು’ ಅನ್ನುವುದೊಂದು, ‘ಮಂದಿ ಮಾತು ಕೋರ್ಟ್ ಕಿವಿಗೇ ಹಾಕ್ಕೊಳ್ಳಿಲ್ಲ’ ಅನ್ನುವುದು ಇನ್ನೊಂದು. ಯಾವುದು ಖರೆ ಎಂದು ತಿಳಿಯಲು ಆದೇಶವನ್ನೇ ತೆರೆದು ಓದಬೇಕು. ಇ-ಕೋರ್ಟ್ಸ್‌ನ ತೀರ್ಪು ಶೋಧ ಜಾಲತಾಣದಲ್ಲಿ ಹೈಕೋರ್ಟ್ ತೀರ್ಪುಗಳು, 2023ರ ಜನವರಿಯಲ್ಲಿ ಶುರುವಾದ ಇ-ಎಸ್‌ಸಿಆರ್ ಎಂಬ ಇನ್ನೊಂದು ಜಾಲತಾಣದಲ್ಲಿ ಸುಪ್ರೀಂ ಕೋರ್ಟಿನವು ಪುಕ್ಕಟೆ ಸಿಗುತ್ತವೆ. ತೀರ್ಪು ಹುಡುಕಿ ಕೊಡುವುದರಲ್ಲಿ ಎರಡೂ ಚೆನ್ನಾಗಿವೆ. ಆದರೆ ಆ ತೀರ್ಪು ಇವತ್ತಿಗೂ ಊರ್ಜಿತವೇ ಎಂದು ಹೇಳುವುದರಲ್ಲಿ ಸೋಲುತ್ತವೆ. ನಜೀರು, ಅಂದರೆ ಮುಂದಿನ ಪ್ರಕರಣಗಳಿಗೆ ಆಧಾರವಾಗುವ ಹಳೆಯ ತೀರ್ಪು ಹುಡುಕುವವರಿಗೆ ಇದು ಸಣ್ಣ ಕೊರತೆಯಲ್ಲ.

ಹುಡುಕುವ ಬಗೆ ಸರಳ. ಕರ್ನಾಟಕ ಹೈಕೋರ್ಟ್ ಆಯ್ದು, ಪದ ಹಾಕಿ, ಕ್ಯಾಪ್ಚಾ ತುಂಬಬೇಕು. ಫಲಿತಾಂಶ ಸಾವಿರಾರು ಬಂದರೆ ಕಾಯ್ದೆ, ಕಲಂ, ನ್ಯಾಯಮೂರ್ತಿಗಳ ಹೆಸರು, ತೀರ್ಪಿನ ದಿನಾಂಕದಿಂದ ಸೋಸಬಹುದು. ಧಾರವಾಡ ಪೀಠದ್ದೇ ಬೇಕಿದ್ದರೆ ಪ್ರಕರಣದ ಸಂಖ್ಯೆ ನೋಡಿ: ಇಲ್ಲಿಯವು ಆರು ಅಂಕಿಯವು, 1ರಿಂದ ಶುರುವಾಗುತ್ತವೆ, ಕಲಬುರಗಿಯವು 2ರಿಂದ. ಈಚಿನ ತೀರ್ಪುಗಳಿಗೆ ಕೋರ್ಟೇ ಕೊಡುವ ಗುರುತಿನ ಸಂಖ್ಯೆಯಲ್ಲಿ (ನ್ಯೂಟ್ರಲ್ ಸೈಟೇಶನ್) ‘ಕೆಎಚ್‌ಸಿ-ಡಿ’ ಎಂದಿದ್ದರೆ ಅದು ಧಾರವಾಡದ್ದು. ಬಹಳ ಮಂದಿ ಎಡವುವುದು ಊರಿನ ಹೆಸರಿನಲ್ಲಿ. 2014ರ ನವೆಂಬರ್ 1ಕ್ಕೆ ಮೊದಲಿನ ಕಡತಗಳಲ್ಲಿ ಇಂಗ್ಲಿಷಿನ ‘ಹುಬ್ಲಿ’, ‘ಬೆಲ್ಗಾಮ್’ ಇರುತ್ತವೆ. ಹೊಸ ಕಾಗುಣಿತವೊಂದನ್ನೇ ಹಾಕಿದರೆ ಹಳೆಯ ತೀರ್ಪುಗಳು ಕಣ್ಣಿಗೇ ಬೀಳುವುದಿಲ್ಲ; ಎರಡೂ ಕಾಗುಣಿತ ಹಾಕಿ ಎರಡು ಸಲ ಹುಡುಕಬೇಕು.

ತೀರ್ಪು ಕೈಗೆ ಬಂದ ಮೇಲೆ ಕೊನೆಯ ಪುಟಕ್ಕೆ ಜಿಗಿಯಬಾರದು. ನೋಡಬೇಕಾದ್ದು ನಡುವೆ, ಹಳೆಯ ತೀರ್ಪುಗಳನ್ನು ನ್ಯಾಯಾಲಯ ಒಪ್ಪಿದ ಅಥವಾ ಬದಿಗಿಟ್ಟ ಭಾಗ. ಹುಬ್ಬಳ್ಳಿಯವರಿಗೆ ನೆನಪಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2022ರ ಆಗಸ್ಟ್ 30ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೆಂಗಳೂರಿನ ಚಾಮರಾಜಪೇಟೆ ಮೈದಾನಕ್ಕೆ ಯಥಾಸ್ಥಿತಿ ಆದೇಶ ಕೊಟ್ಟಿತು. ಹುಬ್ಬಳ್ಳಿ ಈದ್ಗಾ ಮೈದಾನದಲ್ಲಿ ಗಣಪತಿ ಕೂರಿಸಲು ಪಾಲಿಕೆ ಕೊಟ್ಟ ಅನುಮತಿಯನ್ನು ಪ್ರಶ್ನಿಸಿದ್ದ ಅಂಜುಮನ್ ಸಂಸ್ಥೆ, ಆ ಆದೇಶ ಹಿಡಿದು ಅಂದೇ ರಾತ್ರಿ ಮತ್ತೆ ಹೈಕೋರ್ಟಿಗೆ ಹೋಯಿತು. ಚಾಮರಾಜಪೇಟೆಯಲ್ಲಿ ಒಡೆತನದ ತಕರಾರಿದೆ, ಹುಬ್ಬಳ್ಳಿಯ ಜಾಗ ಪಾಲಿಕೆಯದೆಂಬುದರಲ್ಲಿ ತಕರಾರಿಲ್ಲ, ಹಾಗಾಗಿ ಆ ಆದೇಶ ಇಲ್ಲಿಗೆ ಅನ್ವಯಿಸದು ಎಂದು ಹೈಕೋರ್ಟ್ ಹೇಳಿತು. ಒಪ್ಪುವುದು ಬಿಡುವುದು ಬೇರೆ ಮಾತು. ರಾತ್ರಿ ವಿಚಾರಣೆ ನಡೆದದ್ದು ಮರುದಿನವೇ ಹಬ್ಬವಿದ್ದುದರಿಂದ. ಆದೇಶ ನಿಂತದ್ದು ಸಂಗತಿಗಳ ವ್ಯತ್ಯಾಸದ ಮೇಲೆ. ಹೈಕೋರ್ಟಿನ ಆ ಆದೇಶ ಮಧ್ಯಂತರದ್ದು, ಅಂದರೆ ಅಂತಿಮ ತೀರ್ಪಿಗೆ ಮುಂಚಿನ ತಾತ್ಕಾಲಿಕ ಆದೇಶ. ಮಧ್ಯಂತರ ಆದೇಶ ನಜೀರಾಗುವುದಿಲ್ಲ; ಬೇರೆ ಊರಿನ ಮೈದಾನದ ತಂಟೆಗೆ ಅದನ್ನು ಹಚ್ಚಿದರೆ ನಿಲ್ಲುವುದು ಕಷ್ಟ. ಜಾಲತಾಣದಲ್ಲಿ ಮಾತ್ರ ‘ಆದೇಶ’, ‘ತೀರ್ಪು’ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಹೊಸಬರು ಮೋಸಹೋಗುವುದು ಇಲ್ಲೇ.

ನಜೀರಿನ ಹಿಡಿತ ಎಷ್ಟು ಗಟ್ಟಿ ಎಂಬುದು ಅಪಘಾತ ಪರಿಹಾರದ ಅಪೀಲುಗಳಲ್ಲಿ ಕಾಣುತ್ತದೆ. ಪರಿಹಾರದ ಲೆಕ್ಕ ಹೇಗೆಂದು ಹೇಳಿದ ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳನ್ನು ನೋಡಿ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ, ಸ್ವಂತ ಉದ್ಯೋಗದ, 30 ವರ್ಷದ ವ್ಯಕ್ತಿ ತೀರಿಕೊಂಡ, ನಾಲ್ವರು ಅವಲಂಬಿತರಿದ್ದಾರೆ ಎನ್ನಿ. ಭವಿಷ್ಯದ ಗಳಿಕೆಗೆ ಶೇ 40 ಕೂಡಿಸಿದರೆ 21,000. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ವಯಸ್ಸಿಗೆ ತಕ್ಕಂತೆ ಇದನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, ಆ ವಯಸ್ಸಿಗೆ 17. ಒಟ್ಟು 32,13,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ವೆಚ್ಚ, ಸಾಂಗತ್ಯ ನಷ್ಟದಂಥ ನಿಗದಿತ ಬಾಬುಗಳು. ಅವು ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ. ಗದಗಿನ ಪ್ರಕರಣವಿರಲಿ, ಹಾವೇರಿಯದಿರಲಿ, ಊರಿನವರ ಮರುಕ ಈ ಲೆಕ್ಕವನ್ನು ಹಿಗ್ಗಿಸುವುದಿಲ್ಲ. ಜಗ್ಗಾಟವೇನಿದ್ದರೂ ಆದಾಯದ ದಾಖಲೆಯ ಮೇಲೆ.

ಜಾಲತಾಣದ ದೊಡ್ಡ ದೋಷ ಬಯಲಾಗುವುದೂ ಇದೇ ವಿಷಯದಲ್ಲಿ. 2013ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠಗಳಿಂದ ರೇಷ್ಮಾ ಕುಮಾರಿ, ರಾಜೇಶ್ ಎಂಬ ಎರಡು ತೀರ್ಪುಗಳು ಬಂದವು. ಮೊದಲಿನದನ್ನು ಗಮನಿಸದೆ ಕೊಟ್ಟ ರಾಜೇಶ್ ತೀರ್ಪು ನಜೀರಲ್ಲ ಎಂದು ಪ್ರಣಯ್ ಸೇಠಿಯಲ್ಲಿ ಸಂವಿಧಾನ ಪೀಠ ಹೇಳಿತು. ರಾಜೇಶ್ ತೀರ್ಪನ್ನು ತೆರೆದರೆ ಆ ಪುಟದಲ್ಲಿ ಎಚ್ಚರಿಕೆಯ ಒಂದು ಗೆರೆಯೂ ಇಲ್ಲ. ಆದ್ದರಿಂದ ಸಿಕ್ಕ ತೀರ್ಪಿನ ಹೆಸರನ್ನೇ ಮತ್ತೆ ಸರ್ಚ್ ಬಾಕ್ಸಿಗೆ ಹಾಕಿ, ನಂತರದ ಪೀಠಗಳು ಅದರ ಬಗ್ಗೆ ಏನಂದಿವೆ ಎಂದು ನೋಡಲೇಬೇಕು. ಪೀಠದಲ್ಲಿ ಎಷ್ಟು ಮಂದಿ ಎಂಬುದನ್ನೂ ಎಣಿಸಿ. ಏಕಸದಸ್ಯ ಪೀಠಕ್ಕೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠದ ಮಾತು ಕಟ್ಟು; ಸಮಾನ ಪೀಠ ಒಪ್ಪದಿದ್ದರೆ ತಾನೇ ಬೇರೆ ದಾರಿ ಹಿಡಿಯುವಂತಿಲ್ಲ, ದೊಡ್ಡ ಪೀಠಕ್ಕೆ ಕಳಿಸಬೇಕು. ‘ಸುಪ್ರೀಂ ಕೋರ್ಟಿನಲ್ಲಿ ಎಸ್‌ಎಲ್‌ಪಿ (ಅಪೀಲಿಗೆ ವಿಶೇಷ ಅನುಮತಿ ಕೋರುವ ಅರ್ಜಿ) ವಜಾ ಆಗಿದೆ, ಅಂದರೆ ಹೈಕೋರ್ಟ್ ತೀರ್ಪೇ ಸುಪ್ರೀಂ ಕೋರ್ಟಿನ ತೀರ್ಪಾಯಿತು’ ಎಂಬ ವಾದವೂ ತಪ್ಪು. ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ ಹಾಗಾಗುವುದಿಲ್ಲ.

ಹಾಗಾದರೆ ಜನಾಭಿಪ್ರಾಯಕ್ಕೆ ಜಾಗವೇ ಇಲ್ಲವೇ? ಇದೆ, ಕಿರಿದಾದ ಬಾಗಿಲುಗಳಲ್ಲಿ. ಯಾವ ಅರ್ಜಿ ತುರ್ತಾಗಿ ಬೋರ್ಡಿಗೆ ಬರಬೇಕು, ತಡೆಯಾಜ್ಞೆ ಕೊಟ್ಟರೆ ಯಾರಿಗೆ ಹೆಚ್ಚು ತೊಂದರೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಹಿತ ಯಾವುದು ಎಂಬಲ್ಲೆಲ್ಲ ಹೊರಗಿನ ಗಾಳಿ ಒಳಬರುತ್ತದೆ. ಮರಣದಂಡನೆಯಲ್ಲಿ ಅದು ಅಪಾಯಕಾರಿ. ಸೆಷನ್ಸ್ ಕೋರ್ಟ್ ವಿಧಿಸಿದ ಗಲ್ಲು ಜಾರಿಯಾಗಬೇಕಾದರೆ ಮೊದಲು ಹೈಕೋರ್ಟ್ ಅದನ್ನು ಪರಿಶೀಲಿಸಿ ಖಾಯಂ ಮಾಡಿರಬೇಕು. ನ್ಯಾಯಾಧೀಶರು ಜನಾಭಿಪ್ರಾಯದ ವಕ್ತಾರರಾಗಬಾರದು ಎಂದು ಸುಪ್ರೀಂ ಕೋರ್ಟಿನ ಬಚ್ಚನ್ ಸಿಂಗ್ (1980) ತೀರ್ಪು ಎಚ್ಚರಿಸಿತು. ಮೂರೇ ವರ್ಷಕ್ಕೆ ಅದೇ ಕೋರ್ಟಿನ ಮಚ್ಛಿ ಸಿಂಗ್ ತೀರ್ಪು ‘ಸಮಾಜದ ಸಾಮೂಹಿಕ ಅಂತಃಸಾಕ್ಷಿ’ಯ ಮಾತು ತಂದಿತು. ಎರಡನ್ನೂ ಜೋಡಿಯಾಗಿ ಓದದವರು ಗಲ್ಲಿನ ತೀರ್ಪುಗಳ ಬಗ್ಗೆ ಮಾತಾಡಬಾರದು.

ಜನರ ದನಿಗೆ ಎಲ್ಲಿ ಜಾಗ, ಎಲ್ಲಿಲ್ಲ ಎಂಬುದಕ್ಕೆ ಧಾರವಾಡ ಪೀಠ ಬಂದ ಬಗೆಯೂ ಸಾಕ್ಷಿ. ಭಾವನೆ, ಪ್ರಾದೇಶಿಕ ಅಭಿಮಾನದ ಮೇಲೆ ಪೀಠ ಕೊಡಲಾಗದು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಭಾಗದ ವಕೀಲರು, ಜನ ಬಿಡದೆ ಹೋರಾಡಿದರು. 2008ರ ಜುಲೈಯಲ್ಲಿ ಸಂಚಾರಿ ಪೀಠ, 2013ರ ಆಗಸ್ಟ್‌ನಲ್ಲಿ ಕಾಯಂ ಪೀಠ ಬಂದದ್ದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಮಿನ ದಾರಿಯಿಂದ, ಅಂದರೆ ಆಡಳಿತದ ನಿರ್ಧಾರದಿಂದ, ಕೋರ್ಟ್ ತೀರ್ಪಿನಿಂದಲ್ಲ.

ಹೈಕೋರ್ಟ್ ಕಲಾಪದ ನೇರಪ್ರಸಾರದ ಬಗ್ಗೆ ಚುಟುಕಾಗಿ: 2022ರ ಜನವರಿ 1ರಿಂದ ಅದಕ್ಕೆ ನಿಯಮಗಳಿವೆ. ಕಲಾಪದ ರೀತಿ ಅರಿಯಲು ಒಳ್ಳೆಯದು. ಆದರೆ ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಕೇಳುವ ಪ್ರಶ್ನೆ ತೀರ್ಪಲ್ಲ. ಅರ್ಧ ನಿಮಿಷದ ತುಣುಕು ಮೊಬೈಲಿನಲ್ಲಿ ಹರಿದಾಡಿ ಹುಟ್ಟಿಸುವ ಅಭಿಪ್ರಾಯಕ್ಕೂ ಸಹಿಯಾದ ಆದೇಶಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ.

ಭಾಷೆಯ ಅಡ್ಡಿ ಉಳಿದೇ ಇದೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳಿಗೆ ಕನ್ನಡ ಅನುವಾದ ಸಿಗುತ್ತದೆ, ಆದರೆ ವಾಕ್ಯಗಳು ತೊಡರುತ್ತವೆ. ಹೈಕೋರ್ಟಿನವು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷಿನಲ್ಲೇ. ಜಮೀನು ಕಳೆದುಕೊಂಡ ನವಲಗುಂದದ ರೈತ ತನ್ನದೇ ತೀರ್ಪನ್ನು ಓದಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಹೋಗಬೇಕಾದ ಸ್ಥಿತಿ ಬದಲಾಗಲೇಬೇಕು. ಸದ್ಯಕ್ಕೆ ಜಾಲತಾಣದ ಪ್ರತಿ ಓದಲಿಕ್ಕಷ್ಟೇ. ಅಪೀಲು ಹಾಕುವುದಿದ್ದರೆ ದೃಢೀಕೃತ ನಕಲಿಗೆ ತಡಮಾಡದೆ ಅರ್ಜಿ ಕೊಡಿ. ನಕಲು ಸಿದ್ಧವಾಗಲು ಹಿಡಿದ ದಿನಗಳು ಅಪೀಲಿನ ಅವಧಿಯ ಲೆಕ್ಕಕ್ಕೆ ಸೇರುವುದಿಲ್ಲ, ಅರ್ಜಿ ಕೊಡದೆ ಕೂತ ದಿನಗಳು ಸೇರುತ್ತವೆ.